ಚಳಿಗೆ ಮೊಸರು ಹೆಪ್ಪಾಗಲ್ಲ, ಏನಾದರೂ ಟ್ರಿಕ್ ಇದೆಯಾ?

ಇಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಚಳಿ ಶುರುವಾದರೆ ಸಾಕು, ಅದೇ ಪ್ರಶ್ನೆ, ಅದೇ ಧಾಟಿ: "ನಿಮ್ಮ ಮೊಸರು ಮಾತ್ರ ಗಟ್ಟಿಯಾಗುತ್ತಲ್ಲ, ಏನಾದರೂ ಟ್ರಿಕ್ ಹೇಳಿ." ನಾನೇನೋ ಗುಟ್ಟು ಮುಚ್ಚಿಟ್ಟುಕೊಂಡು ಕೂತಿದ್ದೇನೆ ಅನ್ನುವ ಹಾಗೆ. ಹಾಲು ಎಷ್ಟು ಬಿಸಿ ಇತ್ತು ಅಂತ ತಿರುಗಿ ಕೇಳಿದರೆ "ಉಗುರುಬೆಚ್ಚಗೆ" ಎಂಬ ಉತ್ತರ. ಯಾರ ಬೆರಳಿಗೆ ಸ್ವಾಮಿ? ತಣ್ಣೀರಲ್ಲಿ ಪಾತ್ರೆ ತೊಳೆದು ಬಂದ ಬೆರಳಿಗೆ 33 ಡಿಗ್ರಿಯ ಹಾಲೂ ಬಿಸಿಯೇ. ಬೇಸಿಗೆಯಲ್ಲಿ ಈ ಅಂದಾಜು ನಡೆಯುತ್ತದೆ, ಏಕೆಂದರೆ ಮಿಕ್ಕ ಕೆಲಸವನ್ನು ಹವೆಯೇ ಮಾಡಿಕೊಡುತ್ತದೆ. ಚಳಿಯಲ್ಲಿ ಅದು ಕೈಕೊಡುತ್ತದೆ. ಅಡುಗೆಮನೆಗೆ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ ಅಂದರೆ "ಅಷ್ಟೆಲ್ಲ ಯಾಕೆ" ಅಂತಾರೆ. ಸರಿ, ಹಾಗಾದರೆ ನನ್ನನ್ನು ಕೇಳುವುದೂ ಯಾಕೆ?

ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಚುರುಕಾದವು ಇಷ್ಟಪಡುವುದು 40ರಿಂದ 45 ಡಿಗ್ರಿ ಶಾಖವನ್ನು. ಮನೆಯ ಹೆಪ್ಪಿನಲ್ಲಿ ಬಗೆಬಗೆಯವು ಬೆರೆತಿರುವುದರಿಂದ 30ರಲ್ಲೂ ಮೊಸರಾಗುತ್ತದೆ, ಆದರೆ ನಿಧಾನ. ಅವು ಹುಳಿ ಉತ್ಪಾದಿಸುತ್ತಾ ಹೋಗಿ ಹಾಲಿನ ಪಿಎಚ್ 4.6ರ ಹತ್ತಿರ ಬಂದಾಗ ಪ್ರೋಟೀನು ಕೂಡಿಕೊಂಡು ಗಟ್ಟಿಯಾಗುತ್ತದೆ. ಚಳಿಯಲ್ಲಿ ಆಗುವುದೇನೆಂದರೆ, ಅಲ್ಲಿಗೆ ತಲುಪುವ ಮೊದಲೇ ಹಾಲು ಆರಿಹೋಗುತ್ತದೆ. ಬೆಳಿಗ್ಗೆ ನೋಡಿದರೆ ಅರೆಬರೆ ಹುಳಿ, ನೀರು ನೀರು. ಕೆಲವೊಮ್ಮೆ ಲೋಳೆ: ತಂಪಿನಲ್ಲಿ ಬೆಳೆಯುವ ಕೆಲವು ತಳಿಗಳು ನೂಲಿನಂತೆ ಎಳೆಬರುವ ಅಂಟು ಮಾಡುತ್ತವೆ.

ಇದಕ್ಕೆ ಜನ ಹುಡುಕಿಕೊಂಡ ಪರಿಹಾರ ಹೆಪ್ಪು ಜಾಸ್ತಿ ಹಾಕುವುದು. ಒಂದು ಲೀಟರಿಗೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ ಸಾಕು. ನಾಲ್ಕು ಚಮಚ ಸುರಿದರೆ ಮೊದಲ ತುತ್ತಿಗೇ ಹಳೇ ಮೊಸರಿನ ಹುಳಿ, ಮೇಲೆ ತರಿತರಿ. ಹಾಲು ಆರುವುದಂತೂ ನಿಲ್ಲುವುದಿಲ್ಲ.

ಇನ್ನೊಂದು ನಂಬಿಕೆ: ಫ್ರಿಜ್ಜಿನ ಹೆಪ್ಪು ಹಾಕಿದರೆ ಹಾಲು ತಣ್ಣಗಾಗುತ್ತದೆ. ಲೆಕ್ಕ ಹಾಕಿ ನೋಡಿ. 43 ಡಿಗ್ರಿಯ ಒಂದು ಲೀಟರ್ ಹಾಲಿಗೆ 5 ಡಿಗ್ರಿಯ 15 ಗ್ರಾಂ ಮೊಸರು ಬಿದ್ದರೆ ಇಳಿಯುವುದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಅಷ್ಟೇ. ಹೆಪ್ಪನ್ನು ಸ್ವಲ್ಪ ಹಾಲಲ್ಲಿ ಗಂಟಿಲ್ಲದಂತೆ ಕದಡಿ ಬೆರೆಸಿದರೆ ಆಯಿತು. ನಿಜವಾದ ಕಳ್ಳ ಪಾತ್ರೆ. ಒಂದೂವರೆ ಕೆಜಿ ತೂಗುವ ದಪ್ಪ ಪಿಂಗಾಣಿ ಪಾತ್ರೆ 15 ಡಿಗ್ರಿಯಲ್ಲಿದ್ದು, ಅದಕ್ಕೆ ಅದೇ ಹಾಲನ್ನು ಹೊಯ್ದರೆ, ಪಾತ್ರೆ ಕಾಯುವಷ್ಟರಲ್ಲಿ ಹಾಲು ಸುಮಾರು 36ಕ್ಕೆ ಬಂದಿರುತ್ತದೆ. ನೀವಿನ್ನೂ ಮುಚ್ಚಳ ಹುಡುಕುತ್ತಿರುತ್ತೀರಿ, ಆಗಲೇ ಏಳು ಡಿಗ್ರಿ ಮಾಯ. ಮೊದಲು ಬಿಸಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಹಾಲು. ಹಾಗಂತ ಹಾಲನ್ನೇ 55ಕ್ಕೆ ಬಿಟ್ಟು ಹೆಪ್ಪು ಹಾಕಬೇಡಿ, ಹೆಪ್ಪೇ ಸಾಯುತ್ತದೆ. ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಹೆಪ್ಪು ಹಾಕುವ ಶೋಕಿಯನ್ನೂ ಬೇಸಿಗೆಗೆ ಇಟ್ಟುಕೊಳ್ಳಿ. ಒಂದೇ ಪಾತ್ರೆಯಲ್ಲಿ ಹಾಲು ಹೆಚ್ಚಿದ್ದಷ್ಟೂ ಶಾಖ ನಿಲ್ಲುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಒಂದೇ ಕೆಲಸ, ಐದಾರು ಗಂಟೆ ಆ ಶಾಖವನ್ನು ಹಿಡಿದಿಡುವುದು. ಪಾತ್ರೆಯ ಮೇಲೆ ಕವುಚಿರುವ ಉಣ್ಣೆಯ ಗವುಸನ್ನು ನೋಡಿ "ಅಯ್ಯೋ ಎಷ್ಟು ಮುದ್ದಾಗಿದೆ" ಅಂತ ಫೋಟೋ ತೆಗೆದುಕೊಂಡು, ಮತ್ತೆ "ಮೊಸರಿನ ಟ್ರಿಕ್ ಏನು" ಅಂತ ಕೇಳುವವರಿಗೆ ಏನು ಹೇಳಲಿ? ಉತ್ತರ ನಿಮ್ಮ ಫೋಟೋದಲ್ಲೇ ಇದೆ. ಕೇಳಬೇಕಾದದ್ದು, ಇದನ್ನು ಎಷ್ಟಕ್ಕೆ ಕತ್ತರಿಸಿದಿರಿ ಅಂತ. ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಗವುಸಿನಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಹೊರಬಟ್ಟೆ, ಅಸ್ತರು ಎರಡನ್ನೂ ಒಂದೇ ಅಳತೆಗೆ ಕತ್ತರಿಸುತ್ತಾರೆ. ನಡುವೆ ಉಣ್ಣೆ ತುಂಬಿದ ಮೇಲೆ ಅಸ್ತರು ಒಳಗೆ ಮುದುಡಿ, ಪಾತ್ರೆಗೆ ಇಳಿಯುವುದೇ ಇಲ್ಲ. ತುಂಬುವ ಪದರ 2 ಸೆಂ.ಮೀ. ದಪ್ಪವಿದ್ದರೆ ಹೊರಸುತ್ತಳತೆ ಒಳಸುತ್ತಳತೆಗಿಂತ ಸುಮಾರು 12.5 ಸೆಂ.ಮೀ. ಹೆಚ್ಚಿರಲೇಬೇಕು: ದಪ್ಪದ ಎರಡರಷ್ಟು ಇಂಟು 3.14. ಒಂದು ಉದಾಹರಣೆ. ಕಿವಿ, ಹಿಡಿ ಸೇರಿಸಿ ಪಾತ್ರೆಯ ಸುತ್ತಳತೆ 60, ಮುಚ್ಚಳದೊಂದಿಗೆ ಎತ್ತರ 16 ಸೆಂ.ಮೀ. ಇದೆ ಅನ್ನಿ. ಸಡಿಲಕ್ಕೆ 4 ಸೇರಿಸಿದರೆ 64. ಅಸ್ತರಿಗೆ ಎರಡು ತುಂಡು, ಒಂದೊಂದೂ 32ರ ಅಗಲ, ಎರಡೂ ಪಕ್ಕ ಹೊಲಿಗೆಗೆ ಒಂದೂವರೆ ಬಿಟ್ಟು 35. ಎತ್ತರಕ್ಕೆ 16ರ ಜೊತೆ ತಲೆಯ ಮೇಲೆ ಬಾಗಲು 10, ಮೇಲೆ ಕೆಳಗೆ ಹೊಲಿಗೆಗೆ 3, ಒಟ್ಟು 29. ಹೊರಬಟ್ಟೆಯ ತುಂಡು ಅಗಲದಲ್ಲಿ ಆರೂ ಕಾಲು, ಎತ್ತರದಲ್ಲಿ 4 ಹೆಚ್ಚು. ಮೇಲ್ಮೂಲೆಗಳನ್ನು ದುಂಡಗೆ ಕತ್ತರಿಸಿ, ನೆತ್ತಿಯಲ್ಲಿ ಎತ್ತಲು ಒಂದು ಕುಣಿಕೆ.

ತುಂಬಲು ಹಳೆಯ ಉಣ್ಣೆಯ ಸ್ವೆಟರ್‌ಗಳೇ ಶ್ರೇಷ್ಠ. ಮೊದಲು ಬಿಸಿನೀರು, ಸೋಪು ಹಾಕಿ ಚೆನ್ನಾಗಿ ಉಜ್ಜಿ ಕುಗ್ಗಿಸಿ, ಪೂರ್ತಿ ಒಣಗಿಸಿ, ಆಮೇಲೆ ಕತ್ತರಿ. ಕತ್ತರಿಸಿದ ಮೇಲೆ ಕುಗ್ಗಿಸಿದರೆ ಅಳತೆಯೆಲ್ಲ ನೀರುಪಾಲು. ಮೆಷಿನ್ನಿನಲ್ಲಿ ಒಗೆಯಬಹುದು ಎಂದು ಚೀಟಿಯಲ್ಲಿ ಬರೆದಿರುವ ಉಣ್ಣೆ ಸಾಮಾನ್ಯವಾಗಿ ಕುಗ್ಗುವುದಿಲ್ಲ, ಅದಕ್ಕೆ ಹಾಗೆಂದೇ ಸಂಸ್ಕಾರ ಮಾಡಿರುತ್ತಾರೆ. ಅದರಿಂದ ಪದರ ಮಾತ್ರ ಮಾಡಿ. ಹತ್ತಿ ತುಂಬಿದರೆ ಮೊದಲ ವಾರ ಚೆನ್ನ, ಆಮೇಲೆ ಒತ್ತಿಕೊಂಡು ಹಪ್ಪಳ. ಶಾಖ ತಡೆಯುವುದು ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ, ಹಾಗಾಗಿ ಚಂದಕ್ಕೆಂದು ಒತ್ತೊತ್ತಾಗಿ ಅಡ್ಡ ಉದ್ದ ಹೊಲಿಗೆ ಹಾಕಬೇಡಿ. 8-10 ಸೆಂ.ಮೀ. ಅಂತರದಲ್ಲಿ ಸಡಿಲ ಟಾಕು ಸಾಕು. ಹೊರಬಟ್ಟೆ ಒತ್ತು ನೇಯ್ಗೆಯ ಹತ್ತಿಯದಿರಲಿ, ಬರೀ ಹೆಣಿಗೆಯ ಗವುಸಿನ ಸಂದುಗಳಲ್ಲಿ ಗಾಳಿ ಆಡುತ್ತದೆ.

ತಳವನ್ನು ಮರೆಯುವವರೇ ಹೆಚ್ಚು. ಮೇಲೆ ಎರಡು ಇಂಚು ಉಣ್ಣೆ, ಕೆಳಗೆ ಬರೀ ಕಲ್ಲಿನ ಕಟ್ಟೆ! ಪಾತ್ರೆಯ ಭಾರಕ್ಕೆ ಬಟ್ಟೆಯ ದಿಂಬು ಚಪ್ಪಟೆಯಾಗುತ್ತದೆ. ಒಂದು ಮರದ ಹಲಗೆ ಅಥವಾ ಕಾರ್ಕ್, ಅದರ ಮೇಲೆ ಕುಗ್ಗಿಸಿದ ಉಣ್ಣೆ. ಮತ್ತೆ, ಗವುಸು ಶಾಖ ಹುಟ್ಟಿಸುವುದಿಲ್ಲ. ಆರಿದ ಹಾಲಿಗೆ ಕವುಚಿದರೆ ಆರಿದ್ದನ್ನು ಆರಿದಂತೆಯೇ ಕಾಪಾಡುತ್ತದೆ.

ಬ್ರೆಡ್ಡಿನ ಹಿಟ್ಟಿಗೂ ಇದೇ ಮಾತು. ತಣ್ಣನೆಯ ಹಿಟ್ಟನ್ನು ಎಷ್ಟು ಹೊದಿಸಿದರೂ ಬೇಗ ಉಬ್ಬುವುದಿಲ್ಲ. ಕಲಸುವ ನೀರನ್ನೇ ಬಿಸಿ ಮಾಡಿ. ಕಲಸಿದ ಮುದ್ದೆ 26 ಡಿಗ್ರಿ ಇರಬೇಕೆಂದರೆ ಅದರ ಎರಡರಷ್ಟರಿಂದ ಹಿಟ್ಟಿನ ಡಿಗ್ರಿ ಕಳೆಯಿರಿ. ಹಿಟ್ಟು 15 ಇದ್ದರೆ ನೀರು 37. ಕೋಣೆ ತೀರಾ ತಣ್ಣಗಿದ್ದರೆ 40.

ಗವುಸಿನೊಳಗೆ ಕಾಳು ಬೇಯಿಸಬಹುದಾ ಎಂಬುದು ಮುಂದಿನ ಪ್ರಶ್ನೆ ಎಂದು ಗೊತ್ತು. ನೆನೆಸಿದ ಕಾಳು ಕುದಿಸಿ ಒಲೆಯಿಂದಿಳಿಸಿ ಕವುಚಿಟ್ಟರೆ ಬೇಯುತ್ತದೆ. ಆದರೆ ರಾಜ್ಮಾ ಇದ್ದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿಯೇ ಇಳಿಸಿ, ಅದರಲ್ಲಿರುವ ವಿಷಕಾರಿ ಲೆಕ್ಟಿನ್ ಹದವಾದ ಬಿಸಿಗೆ ಹೋಗುವುದಿಲ್ಲ. ತೆಗೆದಾಗ 60 ಡಿಗ್ರಿಗಿಂತ ಕೆಳಗಿಳಿಯುತ್ತಿದ್ದರೆ ಮತ್ತೆ ಒಲೆಗಿಟ್ಟು ಕುದಿಸಿ. ರಾತ್ರಿಯಿಡೀ ಹಾಗೇ ಬಿಡಬೇಡಿ. ಆಕ್ರಿಲಿಕ್ ನೂಲಿನ ಗವುಸು ಮೊಸರಿಗೆ ಸಾಕು, ಒಲೆಯಿಂದಿಳಿಸಿದ ಪಾತ್ರೆಗೆ ಬೇಡ, ತೀರಾ ಬಿಸಿಯಾದ ತಳ ತಾಗಿದರೆ ಕರಗಿ ಅಂಟಿಕೊಳ್ಳಬಹುದು.