ಮಕ್ಕಳ ಕಥೇಲಿ ತೊಂದ್ರೆ ಬಿಡಿಸೋದು ಯಾರು?

ನಾನು ಮಕ್ಕಳ ಪುಸ್ತಕಗಳ ಎಡಿಟರ್. ಹೊಸ ಕಥೆ ಟೇಬಲ್‌ಗೆ ಬಂದ್ರೆ ಭಾಷೆ, ಕಾಗುಣಿತ ಎಲ್ಲಾ ಆಮೇಲೆ, ಮೊದಲು ನೋಡೋದು ಕಥೆ ಮುಕ್ಕಾಲು ಪಾಲು ದಾಟಿದ ಜಾಗ, ಅಲ್ಲಿ ತೊಂದ್ರೆ ಬಿಡಿಸ್ತಿರೋದು ಯಾರು ಅಂತ. ಹತ್ತಿರಹತ್ತಿರ ಅರ್ಧ ಕಥೆಗಳಲ್ಲಿ ಅಲ್ಲೊಬ್ರು ದೊಡ್ಡೋರು ಬಂದು ನಿಂತಿರ್ತಾರೆ, ಅಜ್ಜನೋ ಟೀಚರೋ ಪಕ್ಕದ್ಮನೆ ಅಂಕಲ್ಲೋ. ಅಲ್ಲೀವರೆಗೂ ಓಡ್ತಿದ್ದ ಮಗು ಪಕ್ಕಕ್ಕೆ ಸರಿದು ನೋಡ್ತಾ ನಿಂತಿರುತ್ತೆ.

ಬರೆಯೋರಿಗೆ ಯಾಕೆ ಹಾಗಾಗುತ್ತೆ ಅಂತ ನಂಗೆ ಅರ್ಥ ಆಗುತ್ತೆ, ನಿಜ ಜೀವನದಲ್ಲಿ ಮಕ್ಕಳನ್ನ ನಾವೇ ಕಾಪಾಡ್ತೀವಲ್ಲ, ಆ ಅಭ್ಯಾಸ ಕಥೆಗೂ ಬಂದ್ಬಿಡುತ್ತೆ. ಆದ್ರೆ ಓದೋ ಮಗು ಆ ಪಾತ್ರದ ಒಳಗೆ ಕೂತಿರುತ್ತೆ, ಪಾತ್ರದ ಕೈಯಿಂದ ಕೆಲಸ ಕಿತ್ಕೊಂಡ್ರೆ ಓದೋ ಮಗು ಕೈಯಿಂದ್ಲೂ ಕಿತ್ಕೊಂಡ ಹಾಗೇ.

ಒಂದು ಉದಾಹರಣೆ ಮಾಡ್ಕೊಳ್ಳೋಣ. ಐದು ವರ್ಷದ ಹುಡುಗಿ, ಅವಳ ನಾಯಿಮರಿ ಕಾಣ್ತಿಲ್ಲ, ಅಪ್ಪ ನಾಲ್ಕು ಕಡೆ ಫೋನ್ ಮಾಡಿ ಹುಡುಕಿಸಿ ಕೊಡ್ತಾರೆ. ಇದರಲ್ಲಿ ಅಪ್ಪನ್ನ ತೆಗೆದುಹಾಕ್ಬೇಕಾಗಿಲ್ಲ. ಎರಡ್ನೇ ಪುಟದಲ್ಲೇ ಗುಡುಗು ಬಂದ್ರೆ ಮರಿ ಮೆಟ್ಟಿಲ ಕೆಳಗೆ ನುಗ್ಗೋದನ್ನ ತೋರಿಸಿಬಿಡಿ, ಕಳೆದುಹೋದ ದಿನ ಮಳೆ ಬರಲಿ, ದೊಡ್ಡೋರೆಲ್ಲ ರಸ್ತೇಲಿ ಹುಡುಕ್ತಿರೋವಾಗ ಅವಳಿಗೆ ಮೆಟ್ಟಿಲು ನೆನಪಾಗಲಿ. ಅಪ್ಪ ಟಾರ್ಚ್ ಹಿಡೀಲಿ, ಬಗ್ಗಿ ಒಳಗೆ ತೂರೋಳು ಅವಳು. ಐದು ವರ್ಷದ ಮಗು ಕಳ್ಳನ್ನ ಹಿಡಿಯೋಕಾಗಲ್ಲ, ಆದ್ರೆ ತನ್ನ ಮರಿಗೆ ಯಾವ್ದು ಭಯ ಅಂತ ಮನೇಲಿ ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿರುತ್ತೆ. ವಯಸ್ಸಿಗೆ ತಕ್ಕ ಶಕ್ತಿ ಅಂದ್ರೆ ನನ್ನ ಲೆಕ್ಕದಲ್ಲಿ ಇದು. ಅಂದಹಾಗೆ ಮಕ್ಕಳು ಸಾಮಾನ್ಯವಾಗಿ ತಮಗಿಂತ ಒಂದೆರಡು ವರ್ಷ ದೊಡ್ಡ ಪಾತ್ರಗಳನ್ನ ಇಷ್ಟಪಡ್ತಾರೆ, 8 ವರ್ಷದೋರಿಗೆ ಬರೆಯೋವಾಗ 10 ವರ್ಷದ ನಾಯಕಿ ಇದ್ರೆ ಒಳ್ಳೇದು.

ಕೊನೇ ಪ್ಯಾರಾದಲ್ಲಿ ಬರೋ ನೀತಿಪಾಠನೂ ಇದೇ ಥರ, ಅರ್ಥ ಮಾಡ್ಕೊಳ್ಳೋ ಕೆಲಸನ ಮಗು ಕೈಯಿಂದ ತಗೊಂಡ್ಬಿಡುತ್ತೆ, ನಾನು ಕಣ್ಮುಚ್ಚಿ ಹೊಡೆದುಹಾಕ್ತೀನಿ.

ಚಿತ್ರಪುಸ್ತಕ ಆದ್ರೆ ಇನ್ನೊಬ್ರಿಗೂ ಜಾಗ ಬಿಡ್ಬೇಕು, ಚಿತ್ರ ಬರೆಯೋರಿಗೆ. ಪ್ರೆಸ್ಸಲ್ಲಿ ದೊಡ್ಡ ಶೀಟ್ ಮಡಚಿದಾಗ 8 ಅಥವಾ 16 ಪುಟದ ಕಟ್ಟು ಬರೋದ್ರಿಂದ ಈ ಪುಸ್ತಕಗಳು ಹೆಚ್ಚಾಗಿ 32 ಪುಟ ಇರ್ತವೆ, ಶೀರ್ಷಿಕೆ ಕಾಪಿರೈಟ್ ಎಲ್ಲಾ ಕಳೆದು ಕಥೆಗೆ ಸಿಗೋದು ಸುಮಾರು 12ರಿಂದ 14 ಜೋಡಿಪುಟ (ಪುಸ್ತಕ ತೆರೆದಾಗ ಒಟ್ಟಿಗೆ ಕಾಣೋ ಎಡ-ಬಲ ಪುಟಗಳು) ಅಷ್ಟೇ. ಬರೆದಾದ್ಮೇಲೆ 8 ಖಾಲಿ ಹಾಳೆ ಅರ್ಧಕ್ಕೆ ಮಡಚಿ ಒಂದರೊಳಗೊಂದು ಇಡಿ, 32 ಪುಟದ ಡಮ್ಮಿ, ಅಂದ್ರೆ ಮಾದರಿ ಪುಸ್ತಕ ರೆಡಿ. ನಿಮ್ಮ ಸಾಲುಗಳನ್ನ ಕತ್ತರಿಸಿ ಅದಕ್ಕೆ ಅಂಟಿಸ್ತಾ ಹೋದ್ರೆ ಕಂಪ್ಯೂಟರಲ್ಲಿ ಕಾಣದೇ ಇದ್ದಿದ್ದು ಕಾಣುತ್ತೆ, ಮೂರು ಜೋಡಿಪುಟ ಪೂರ್ತಿ ಇಬ್ರು ಒಂದೇ ರೂಮಲ್ಲಿ ಕೂತು ಮಾತಾಡ್ತಿದ್ದಾರೆ, ಚಿತ್ರ ಬರೆಯೋರು ಅಲ್ಲಿ ಏನ್ ಬರೀಬೇಕು ಪಾಪ? "ಕೆಂಪು ಫ್ರಾಕ್ ಹಾಕಿದ್ದ ಹುಡುಗಿ ನಗ್ತಾ ಕುರ್ಚಿ ಹತ್ತಿದಳು" ಅನ್ನೋದ್ರಲ್ಲಿ ಕೆಂಪು, ಫ್ರಾಕ್, ನಗು, ಕುರ್ಚಿ ನಾಲ್ಕೂ ಚಿತ್ರಕ್ಕೇ ಬಿಡಿ. ಆಮೇಲೆ ಪುಟ ತಿರುಗಿಸೋ ಜಾಗ ತುಂಬಾ ಬೆಲೆಬಾಳೋದು, "ಬಾಗಿಲು ತೆಗೆದ್ರೆ..." ಅಂತ ಬಲಗಡೆ ಪುಟದ ಕೊನೇಲಿ ನಿಲ್ಲಿಸಿ, ತಿರುಗಿಸೋದು ಮಗು ಕೈ, ಆ ಅರ್ಧ ಸೆಕೆಂಡಲ್ಲಿ ಅದು ತನ್ನದೇ ಒಂದು ಕಥೆ ಕಟ್ಟಿರುತ್ತೆ.

ಪರೀಕ್ಷೆ ಮಾಡೋಕೆ ಬೇರೆಯೋರ ಕೈಲಿ ಮಕ್ಕಳಿಗೆ ಜೋರಾಗಿ ಓದಿಸಿ, ನೀವು ಓದಿದ್ರೆ ನಿಮ್ಮ ದನಿನೇ ಸಾಲುಗಳ ಹುಳುಕು ಮುಚ್ಚಿಬಿಡುತ್ತೆ. ಓದೋರು ಎಲ್ಲಿ ಉಸಿರು ಸಾಲದೆ ತಡವರಿಸ್ತಾರೆ ಗುರುತು ಹಾಕ್ಕೊಳ್ಳಿ, ಮಕ್ಕಳು ಎಲ್ಲಿ ಕಾಲಾಡಿಸೋಕೆ ಶುರು ಮಾಡ್ತಾರೆ ಅದನ್ನೂ. ಚೆನ್ನಾಗಿತ್ತಾ ಅಂತ ಕೇಳೋಕೆ ಹೋಗ್ಬೇಡಿ, ಹೂಂ ಅಂದುಬಿಡ್ತಾರೆ. ಮಧ್ಯದಲ್ಲಿ ನಿಲ್ಲಿಸಿ, ಈಗ ಅವಳು ಏನ್ಮಾಡ್ತಾಳೆ ಅಂತ ಕೇಳಿ. ಒಬ್ಬೊಬ್ರೂ ಒಂದೊಂದು ಐಡಿಯಾ ಕೊಟ್ರೆ ಕಥೆ ಕೆಲಸ ಮಾಡ್ತಿದೆ, "ಅವರಮ್ಮನ್ನ ಕರೀತಾಳೆ" ಅಂತ ಎಲ್ರೂ ಒಟ್ಟಿಗೆ ಹೇಳಿದ್ರೆ ಎರಡ್ನೇ ಪುಟಕ್ಕೆ ವಾಪಸ್ ಹೋಗಿ ಆ ಹುಡುಗಿಗೆ ಮಾತ್ರ ಗೊತ್ತಿರೋದು ಏನಾದ್ರೂ ಇಟ್ಟು ಬರಬೇಕು.