ಗೇಣುದ್ದದ ಅಂಬಾಸಿಡರ್

ಡಬ್ಬಿ ತೆರೆದ ಕೂಡಲೇ ಗೊತ್ತಾಯಿತು, ದುಡ್ಡು ಹೋಯಿತು ಅಂತ. ಡಬ್ಬಿ ಅಂದರೆ ಸರಿಯಾದ ಡಬ್ಬಿಯೂ ಅಲ್ಲ. ಯಾವುದೋ ಹಳೇ ರಟ್ಟಿಗೆ ಟೇಪು ಸುತ್ತಿದ್ದು. ಒಳಗೆ ಹಳದಿ ಬಣ್ಣದ ಒಂದು ಕಾರಿನ ಮೈ, ಒಂದು ಕವರಿನಲ್ಲಿ ನಾಲ್ಕು ಚಕ್ರ, ಸೀಟು, ಸ್ಟೇರಿಂಗು. ಕೂಡಿಸೋದು ಹೇಗೆ ಅಂತ ಹೇಳುವ ಚೀಟಿಯೂ ಇಲ್ಲ. ಮಗಳು ಅದನ್ನು ಎತ್ತಿ ನೋಡಿ, "ಅಪ್ಪಾ, ಇದು ಸೋಪಾ?" ಅಂದಳು.

ಸೋಪಲ್ಲ, ಅಂಬಾಸಿಡರ್. 2,800 ರೂಪಾಯಿ ಕೊಟ್ಟು ತರಿಸಿದ್ದೆ. ಮನೆಯಲ್ಲಿ 800 ಅಂತ ಹೇಳಿದ್ದೆ.

ಮಾಡೆಲ್ ಕಾರು ಕಟ್ಟುವ ಹುಚ್ಚು ನನಗೆ ಹತ್ತು ವರ್ಷದಿಂದ ಇದೆ. ಜಪಾನಿನ ಕಿಟ್ಟುಗಳನ್ನು ಕಟ್ಟಿದ್ದೇನೆ. ಅವುಗಳಲ್ಲಿ ನಮಗೆ ಹೆಚ್ಚು ಕೆಲಸವೇ ಇರುವುದಿಲ್ಲ. ಕತ್ತರಿಸಿ ಇಟ್ಟರೆ ಟಕ್ ಅಂತ ಕೂರುತ್ತವೆ. ಆದರೆ ಅಲ್ಲಿ ಸಿಗುವುದು ಅವರ ಕಾರು, ನಮ್ಮದಲ್ಲ. ನನಗೆ ಬೇಕಿದ್ದದ್ದು ಅಂಬಾಸಿಡರ್. ಅದರಲ್ಲೂ ಒಂದೇ ಒಂದು ಅಂಬಾಸಿಡರ್. ದಾವಣಗೆರೆ ಮಂಡಿಪೇಟೆಯ ಹತ್ತಿ ವ್ಯಾಪಾರಿಯೊಬ್ಬರ ಕೆನೆ ಬಣ್ಣದ ಕಾರು. ಅದನ್ನು ಹದಿನೆಂಟು ವರ್ಷ ಓಡಿಸಿದ್ದು ನಮ್ಮ ಚಿಕ್ಕಪ್ಪ. ನಾವು ಹುಡುಗರು ಅದನ್ನು 'ಚಿಕ್ಕಪ್ಪನ ಕಾರು' ಅಂತಲೇ ಕರೆಯುತ್ತಿದ್ದೆವು. ಸಾಹುಕಾರರ ಕಿವಿಗೆ ಬಿದ್ದಿದ್ದರೆ ಏನಾಗುತ್ತಿತ್ತೋ.

ಅಂಬಾಸಿಡರ್ ಹುಟ್ಟಿದ್ದು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ. ಬಂಗಾಳದ ಉತ್ತರಪಾರಾದಲ್ಲಿ ಐವತ್ತರ ದಶಕದ ಕೊನೆಯಿಂದ 2014ರವರೆಗೆ ಅದನ್ನು ಮಾಡಿದರು. ಅಷ್ಟು ವರ್ಷ ರಸ್ತೆ ತುಂಬಾ ಓಡಾಡಿದ ಕಾರು. ಕಿಟ್ ಹುಡುಕಲು ಹೋದರೆ ಮಾತ್ರ ಒಳ್ಳೆಯದು ನನ್ನ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಯಾರೋ ಮನೆಯಲ್ಲೇ ರೆಸಿನ್, ಅಂದರೆ ಹುಯ್ದ ಮೇಲೆ ಗಟ್ಟಿಯಾಗುವ ದ್ರವ, ಹುಯ್ದು ಮಾಡಿದ ಇದೊಂದು. ಮೊದಲು ಒಂದು ಮೂಲ ಮಾದರಿ ಮಾಡುತ್ತಾರೆ. ಅದರ ಸುತ್ತ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು, ಅದರೊಳಗೆ ಎರಡು ದ್ರವ ಬೆರೆಸಿ ಹುಯ್ಯುತ್ತಾರೆ. ಹುಯ್ದಷ್ಟೂ ರಬ್ಬರ್ ಸವೆಯುತ್ತದೆ, ಮೂಲೆಗಳು ಮೊಂಡಾಗುತ್ತವೆ. ನನಗೆ ಬಂದದ್ದು ಆ ಅಚ್ಚು ಕೊನೆಯುಸಿರು ಎಳೆಯುವಾಗ ಹುಯ್ದದ್ದು ಅಂತ ಕಾಣುತ್ತದೆ.

ಮೊದಲ ಸಂಜೆ ಅಳತೆ ತೆಗೆದೆ. 1/24 ಅಳತೆ ಅಂದರೆ ನಿಜವಾದ ಕಾರಿನ ಒಂದು ಅಡಿಗೆ ಇಲ್ಲಿ ಅರ್ಧ ಇಂಚು. ಅಂಬಾಸಿಡರ್‌ನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2464 ಮಿಲಿಮೀಟರ್. 24ರಿಂದ ಭಾಗಿಸಿದರೆ 102.7 ಬರಬೇಕು. ಬಲಗಡೆ ಇಟ್ಟು ನೋಡಿದೆ, ಸರಿಯಾಗಿದೆ. ಎಡಗಡೆ 99.5. ಕ್ಯಾಲಿಪರ್ ಕೆಟ್ಟಿದೆಯೇನೋ ಅಂತ ಮತ್ತೆ ನೋಡಿದೆ. ಇಲ್ಲ, ಕಾರೇ ಸೊಟ್ಟ. ಕೈಯಲ್ಲಿ ಮೂರು ಮಿಲಿಮೀಟರ್ ಏನೂ ಅನ್ನಿಸುವುದಿಲ್ಲ. ನಿಜವಾದ ಕಾರಲ್ಲಾದರೆ ಹತ್ತಿರ ಹತ್ತಿರ ಮೂರು ಇಂಚು! ಒಂದು ಪಕ್ಕ ಇನ್ನೊಂದು ಪಕ್ಕಕ್ಕಿಂತ ಮೂರು ಇಂಚು ಗಿಡ್ಡ ಇರುವ ಕಾರು ಮಂಡಿಪೇಟೆ ರಸ್ತೆಯಲ್ಲಿ ಹೇಗೆ ಹೋಗುತ್ತೆ ಅಂತ ಯೋಚಿಸಿ ನಗು ಬಂತು. ಏಡಿ ಹೋದ ಹಾಗೆ ಹೋಗುತ್ತೆ.

ಬಾಗಿಲ ತಗಡು ಎರಡು ಮಿಲಿಮೀಟರ್ ದಪ್ಪ. ಅಂದರೆ ನಿಜದಲ್ಲಿ ಸುಮಾರು ಎರಡು ಇಂಚು, ಬ್ಯಾಂಕಿನ ತಿಜೋರಿ ಬಾಗಿಲ ಹಾಗೆ. ಮಾಡಿನ ತುಂಬಾ ಗಾಳಿ ಗುಳ್ಳೆ. ಅಂಬಾಸಿಡರ್‌ನ ಒಂದೊಂದು ಆವೃತ್ತಿಗೂ ಮಾರ್ಕ್ ಅನ್ನುತ್ತಾರೆ; ಇದರಲ್ಲಿ ಮುಂದಿನ ಜಾಲರಿ ಒಂದು ಮಾರ್ಕಿನದು, ದೀಪ ಇನ್ನೊಂದು ಮಾರ್ಕಿನದು. ಮತ್ತೆ ಸ್ಟೇರಿಂಗು ಎಡಗಡೆ! ಒಳಗಿನ ಸಾಮಾನನ್ನೆಲ್ಲ ಯಾವುದೋ ಅಮೆರಿಕದ ಕಾರಿನ ಕಿಟ್ಟಿನಿಂದ ಎತ್ತಿ ತುಂಬಿದ್ದರು. ಗೇರು ಕೂಡ ನೆಲದ ಮೇಲೆ, ಚಿಕ್ಕಪ್ಪನ ಕಾರಿನಲ್ಲಿ ಅದು ಸ್ಟೇರಿಂಗಿನ ಕೆಳಗಿತ್ತು.

ವಾಪಸ್ ಕಳಿಸಬಹುದಿತ್ತು. ಹೆಂಡತಿಯೂ ಅದೇ ಹೇಳಿದಳು. ಆದರೆ ಅಷ್ಟೊತ್ತಿಗೆ ನಾನು ಎಡಗಡೆ ಹಿಂದಿನ ಚಕ್ರದ ಕಮಾನನ್ನು ಗರಗಸದಿಂದ ಕೊಯ್ದಾಗಿತ್ತು.

ಕೊಯ್ದ ಕಮಾನನ್ನು ಮೂರು ಮಿಲಿಮೀಟರ್ ಹಿಂದಕ್ಕೆ ಸರಿಸಿ ಅಂಟಿಸಿದೆ. ರೆಸಿನ್‌ಗೆ ಮಾಮೂಲಿ ಪ್ಲಾಸ್ಟಿಕ್ ಮಾಡೆಲ್ಲಿನ ಅಂಟು ಹಿಡಿಯುವುದಿಲ್ಲ. ಆ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತೆ, ರೆಸಿನ್ ಅದಕ್ಕೆ ಕರಗಲ್ಲ. ಸೂಪರ್ ಗ್ಲೂ ಬೇಕು, ಇಲ್ಲವೇ ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ. ಗುಳ್ಳೆಗಳ ತೂತಿಗೆ ಅಡುಗೆ ಸೋಡಾ ತುಂಬಿ ಮೇಲೊಂದು ಹನಿ ಸೂಪರ್ ಗ್ಲೂ ಬಿಟ್ಟೆ. ಬಿಟ್ಟ ಕ್ಷಣಕ್ಕೆ ಕಲ್ಲಾಗುತ್ತೆ. ಮಾರನೇ ದಿನಕ್ಕೆ ಬಿಟ್ಟರೆ ಉಜ್ಜಲು ಕೈ ಸೋಲುತ್ತೆ, ಆಗಲೇ ಉಜ್ಜಬೇಕು. ಎಂಬತ್ತರವರೆಗೂ ಗುಳ್ಳೆ ಎಣಿಸಿದೆ, ಆಮೇಲೆ ಬಿಟ್ಟುಬಿಟ್ಟೆ. ಆ ವಾರ ಮನೆಯಲ್ಲಿ ಇಡ್ಲಿಗೆ ಸೋಡಾ ಇರಲಿಲ್ಲ.

ಮಾಡು ಬೇರೆ ತಿರುಚಿಕೊಂಡಿತ್ತು. ಅದಕ್ಕೆ ಬಿಸಿನೀರೇ ಔಷಧ. ಒಂದು ಬೋಗುಣಿಯಲ್ಲಿ ನೀರು ಕಾಯಿಸಿ, ಕಾರನ್ನು ಒಂದು ನಿಮಿಷ ಮುಳುಗಿಸಿ, ಮೆತ್ತಗಾದಾಗ ನಿಧಾನಕ್ಕೆ ಒತ್ತಿ, ನೆಟ್ಟಗಾದ ಹಾಗೇ ಹಿಡಿದು ತಣ್ಣೀರಿಗೆ ಹಾಕಬೇಕು. ಎರಡು ಸಲ ಮಾಡಿದರೆ ಸರಿಯಾಗುತ್ತೆ. ನನಗೆ ಐದು ಸಲ ಬೇಕಾಯಿತು. ಆ ಬೋಗುಣಿಯನ್ನು ಮತ್ತೆ ಅಡುಗೆಮನೆಗೆ ಸೇರಿಸಿಕೊಳ್ಳಲಿಲ್ಲ. ಅದರಲ್ಲಿ ಈಗ ಉಜ್ಜುವ ವಾಟರ್ ಪೇಪರ್ ನೆನೆಹಾಕುತ್ತೇನೆ. ರೆಸಿನ್ ಧೂಳು ಎದೆಗೆ ಒಳ್ಳೆಯದಲ್ಲ. ಅದಕ್ಕೆ ಯಾವಾಗಲೂ ನೀರು ಹಾಕಿಯೇ ಉಜ್ಜುವುದು, ಮೂತಿಗೆ ಮಾಸ್ಕ್ ಕಟ್ಟಿಕೊಂಡು.

ಕಿಟಕಿ ಗಾಜಿನ ಕಥೆ ಹೇಳಿದರೆ ನನಗೇ ನಾಚಿಕೆ. ಗಾಜು ಅಂತ ಕೊಟ್ಟಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಸೂಪರ್ ಗ್ಲೂ ಹಾಕಿ ಕೂರಿಸಿದೆ. ಬೆಳಿಗ್ಗೆ ನೋಡಿದರೆ ಕಿಟಕಿಯೆಲ್ಲ ಮಂಜು ಕವಿದ ಹಾಗೆ ಬೆಳ್ಳಗಾಗಿದೆ. ಆ ಅಂಟಿನ ಆವಿ ಗಾಜಿನ ಮೇಲೆ ಕೂತು ಹಾಗಾಗುವುದು. ಗೊತ್ತಿಲ್ಲದ ವಿಷಯವೇನಲ್ಲ, ಹತ್ತು ವರ್ಷದಿಂದ ಗೊತ್ತು. ಸುಮ್ನೆ ಸೋಮಾರಿತನ. ಆಮೇಲೆ ಹೊಸ ಶರ್ಟಿನ ಡಬ್ಬಿಯ ಮೇಲಿನ ಪಾರದರ್ಶಕ ಹಾಳೆ ಕತ್ತರಿಸಿ ಫೆವಿಕಾಲ್‌ನಲ್ಲಿ ಕೂರಿಸಿದೆ. ಅದು ಒಣಗಿದ ಮೇಲೆ ಅಂಟೇ ಕಾಣುವುದಿಲ್ಲ.

ಸ್ಟೇರಿಂಗನ್ನು ಬಲಕ್ಕೆ ತಂದೆ. ನೆಲದ ಗೇರನ್ನು ಕಿತ್ತು, ಗುಂಡುಸೂಜಿ ಬಗ್ಗಿಸಿ ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದೆ. ಮುಂದಿನ ಎರಡು ಬಿಡಿ ಸೀಟುಗಳನ್ನು ಸೇರಿಸಿ ಒಂದೇ ಉದ್ದ ಸೀಟು ಮಾಡಿದೆ. ಸಾಹುಕಾರರ ಸೀಟಿನ ಮೇಲೆ ಬಿಳಿ ಟವಲ್ ಇರುತ್ತಿತ್ತು. ಅದಕ್ಕೆ ಗಾಯಕ್ಕೆ ಕಟ್ಟುವ ಬ್ಯಾಂಡೇಜ್ ಬಟ್ಟೆಯ ತುಂಡು ಸರಿಹೋಯಿತು. ಈ ಕೆಲಸ ಮಾಡುವಾಗ ಎಷ್ಟು ಹೊತ್ತಾಯಿತು ಅಂತಲೇ ಗೊತ್ತಾಗಲಿಲ್ಲ. ಒಳ್ಳೇ ಕಿಟ್ ಕಟ್ಟುವಾಗ ನನಗೆ ಹೀಗೆ ಆಗಿದ್ದೇ ಇಲ್ಲ, ನಿಜ ಹೇಳಬೇಕೆಂದರೆ.

ಉಳಿದದ್ದು ಎಡಗಡೆಯ ಹಿಂದಿನ ಬಾಗಿಲು. ಅಚ್ಚು ಅಲ್ಲಿ ಸರಿದು, ಬಾಗಿಲ ಗೆರೆ ಹಿಂದಕ್ಕೆ ಹೋಗುತ್ತಾ ಕೆಳಗೆ ಇಳಿದಿತ್ತು. ಅರ್ಧ ಮಿಲಿಮೀಟರ್ ಅಷ್ಟೇ. ಆದರೆ ಒಂದು ಸಲ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣುವುದಿಲ್ಲ. ಹಳೇ ಗೆರೆಗೆ ಸೋಡಾ, ಅಂಟು ತುಂಬಿ ಮುಚ್ಚಿ, ಉಜ್ಜಿ, ದಪ್ಪ ಟೇಪನ್ನು ಪಟ್ಟಿಯ ಹಾಗೆ ಅಂಟಿಸಿಕೊಂಡು ಹೊಸ ಗೆರೆ ಕೊರೆದೆ. ಸೂಜಿ ಎರಡು ಸಲ ಜಾರಿತು. ಮೂರು ಸಂಜೆ ಹಿಡಿಯಿತು. ಮುಗಿದ ಮೇಲೆ ಎಡ ಬಲ ಎರಡೂ ಒಂದೇ ಸಮ. ಇಡೀ ಕಾರಿನಲ್ಲಿ ನನಗೆ ಹೆಮ್ಮೆ ಇದ್ದದ್ದು ಆ ಒಂದು ಗೆರೆಯ ಮೇಲೆ.

ಬಣ್ಣಕ್ಕೆ ಮುಂಚಿನ ಕೋಟ್, ಅಂದರೆ ಪ್ರೈಮರ್ ಹೊಡೆಯಲು ನನ್ನ ಹತ್ತಿರ ಸ್ಪ್ರೇ ಗನ್ ಇರಲಿಲ್ಲ. ಚಿಕ್ಕಪ್ಪನಿಗೆ ವಿಷಯ ಹೇಳಿದೆ. "ನಮ್ ಮಿಸ್ತ್ರಿ ಅದಾನಲ್ಲೋ, ಅವನ ಹತ್ರ ಹೋಗಾಣ" ಅಂದರು. ಪಿ.ಬಿ. ರಸ್ತೆಯ ಆಚೆ ಆ ಮಿಸ್ತ್ರಿಯ ಟಿಂಕರಿಂಗ್ ಶೆಡ್. ಆ ಕಾಲದಲ್ಲಿ ಸಾಹುಕಾರರ ಕಾರಿನ ತಗಡು, ಬಣ್ಣದ ಕೆಲಸವೆಲ್ಲ ಮಾಡುತ್ತಿದ್ದವರು ಅವರೇ. ಈಗ ಮಗ ನೋಡಿಕೊಳ್ಳುತ್ತಾನೆ. ಅವರು ಕುರ್ಚಿ ಹಾಕಿಕೊಂಡು ಕೂತು ಎಲ್ಲರಿಗೂ ಬೈಯುತ್ತಾರೆ.

ಮೇ ತಿಂಗಳ ಭಾನುವಾರ. ಏಳಕ್ಕೇ ಬನ್ನಿ ಅಂದಿದ್ದರು. ದಾವಣಗೆರೆ ಬಿಸಿಲು ಏರಿದ ಮೇಲೆ ಗನ್ನಿನಿಂದ ಹೊರಟ ಬಣ್ಣ ಗಾಳಿಯಲ್ಲೇ ಒಣಗಿ, ಮೈ ಮೇಲೆ ಪುಡಿಪುಡಿಯಾಗಿ ಕೂರುತ್ತದಂತೆ. ಮಂಡಕ್ಕಿ ಭಟ್ಟಿ ಕಡೆಯ ಗಾಳಿ ಬೀಸಿದರೆ ಬೂದಿ ಬೇರೆ. ಬೆಣ್ಣೆ ದೋಸೆ ಆಮೇಲೆ ಅಂತ ಚಿಕ್ಕಪ್ಪನನ್ನು ಒಪ್ಪಿಸಲು ಕಷ್ಟವಾಯಿತು.

ಟಿಫನ್ ಡಬ್ಬಿಯಿಂದ ಕಾರು ತೆಗೆದು ಮಿಸ್ತ್ರಿ ಕೈಗೆ ಕೊಟ್ಟೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಕನ್ನಡಕ ಹಾಕಿಕೊಂಡು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿದರು. ಆಮೇಲೆ ಜೇಬಿನಿಂದ ಕರ್ಚೀಫ್ ತೆಗೆದು ಮಾಡಿನ ಮೇಲೆ ಹಾಕಿ, ಅದರ ಮೇಲೆ ಬೆರಳು ಆಡಿಸಿದರು. ಬಟ್ಟೆ ಇದ್ದರೆ ಉಬ್ಬು ತಗ್ಗು ಬೆರಳಿಗೆ ಜಾಸ್ತಿ ಗೊತ್ತಾಗುತ್ತೆ ಅಂದರು. ನಾನು ಮನೆಗೆ ಬಂದು ಪರೀಕ್ಷೆ ಮಾಡಿದೆ, ಹೌದು.

"ಸಾರ್, ಮ್ಯಾಲೆ ಮೂರು ಗುಂಡಿ ಅದಾವೆ."

"ಇಲ್ವಲ್ಲ, ನಾನೇ ಉಜ್ಜಿದೀನಿ."

ಅವರು ವಾದ ಮಾಡಲಿಲ್ಲ. ಕಾರನ್ನು ಸೋಪಿನ ನೀರಲ್ಲಿ ತೊಳೆದಿದ್ದೇನಾ ಅಂತ ಕೇಳಿದರು. ತೊಳೆದಿದ್ದೆ. ಅಚ್ಚಿಗೆ ಸವರಿದ ಎಣ್ಣೆಯಂಥದ್ದು ಮೈಗೆ ಅಂಟಿರುತ್ತೆ, ತೊಳೆಯದಿದ್ದರೆ ಬಣ್ಣ ಹಿಡಿಯಲ್ಲ. ಮಗನಿಗೆ ಹೇಳಿ ಬೂದು ಪ್ರೈಮರ್ ಒಂದು ತೆಳು ಕೋಟ್ ಹೊಡೆಸಿದರು. ದೊಡ್ಡ ಗನ್ ಹಿಡಿದರೆ ಕಾರೇ ಹಾರಿಹೋಗುತ್ತಿತ್ತು. ಗೀರು ಮುಚ್ಚಲು ಬಳಸುವ ಚಿಕ್ಕ ಗನ್ ತಂದರು. ಕಾರಿನ ಮೈಯನ್ನು ನೀರಿನ ಬಾಟಲಿಯ ಕತ್ತಿಗೆ ಸಿಕ್ಕಿಸಿ ಹಿಡಿದುಕೊಂಡದ್ದು ನಾನು. ಅದು ಒಣಗಿದ ಮೇಲೆ ದೂರದಿಂದ ಕಪ್ಪು ಬಣ್ಣದ ತುಂತುರು. ಆಮೇಲೆ ವಾಟರ್ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿ ಅಂದರು. ಉಬ್ಬಿನ ಮೇಲಿನ ಕಪ್ಪು ಹೋಗುತ್ತೆ, ತಗ್ಗಿನಲ್ಲಿದ್ದದ್ದು ಉಳಿಯುತ್ತೆ. ಉಜ್ಜಿದೆ. ಮಾಡಿನ ಮೇಲೆ ಮೂರು ಕಪ್ಪು ಚುಕ್ಕೆ.

ಸರಿಯಾಗಿ ಮೂರು.

ಪುಟ್ಟಿ ತುಂಬಿದರು. ಅಷ್ಟರಲ್ಲಿ ಶೆಡ್ಡಿನ ಹುಡುಗ ಸಹಾಯ ಮಾಡಲು ಹೋಗಿ ನನ್ನ ಡ್ಯಾಶ್‌ಬೋರ್ಡನ್ನು ಥಿನ್ನರ್ ಬಟ್ಟೆಯಿಂದ ಒರೆಸಲು ತೆಗೆದುಕೊಂಡಿದ್ದ. ಅದು ರೆಸಿನ್ ಅಲ್ಲ, ಮಾಮೂಲಿ ಮಾಡೆಲ್ಲಿನ ಪ್ಲಾಸ್ಟಿಕ್, ಪಾಲಿಸ್ಟೈರೀನ್. ಥಿನ್ನರ್ ತಾಗಿದರೆ ಬೆಲ್ಲದ ಹಾಗೆ ಕರಗುತ್ತೆ. ನಾನು ಕೂಗಿದ ಕೂಗಿಗೆ ಪಕ್ಕದ ಪಂಕ್ಚರ್ ಅಂಗಡಿಯವರು ಎದ್ದು ಬಂದರು.

ಒಂಬತ್ತರ ಹೊತ್ತಿಗೆ ಪೂರ್ತಿ ಪ್ರೈಮರ್ ಆಯಿತು. ಒಂದೇ ಬಣ್ಣವಾದ ಮೇಲೆ ಹಳದಿ, ಬಿಳಿ ತೇಪೆಗಳೆಲ್ಲ ಮುಚ್ಚಿ ಮೊದಲ ಸಲ ಅದು ಅಂಬಾಸಿಡರ್ ಆಗಿ ಕಂಡಿತು. ಹಿಂದಿನ ಆ ಗುಂಡು ತೊಡೆ, ಮುಂದಿನ ಬಾನೆಟ್ಟಿನ ಮೂಗು. ಚಿಕ್ಕಪ್ಪ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಒಳಗಿನ ಸಾಮಾನು ಇಟ್ಟಿದ್ದ ಇನ್ನೊಂದು ಡಬ್ಬಿಯಲ್ಲಿ ಗುಂಡುಸೂಜಿ ಗೇರು ನೋಡಿ ಅವರ ಎಡಗೈ ತಾನಾಗೇ ಎದ್ದಿತು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಎಲ್ಲ ಸರಿ ಐತಿ. ಆದ್ರೆ ಇದು ನಮ್ ಗಾಡಿ ಅಲ್ಲ."

"ಯಾಕೆ ಚಿಕ್ಕಪ್ಪಾ?"

"ನಮ್ದು ಎಡಗಡೆ ಹಿಂದಿನ ಬಾಗಿಲು ಜೋತು ಬಿದ್ದಿತ್ತಲ್ಲೋ. ಮರೆತ್ಯಾ? ಎತ್ತಿ ಹಾಕಬೇಕಿತ್ತು. ಇದು ನೆಟ್ಟಗೈತಿ."

ನನಗೆ ಮಾತೇ ಹೊರಡಲಿಲ್ಲ. ಮಂಡಿಪೇಟೆಯಲ್ಲಿ ಹತ್ತಿ ಅಂಡಿಗೆ ಹೇರಿದ ಎತ್ತಿನ ಗಾಡಿ ಹಿಂದೆ ಸರಿದು, ಪಕ್ಕದ ಇನ್ನೊಂದು ಗಾಡಿಯ ಮೂಕಿ ಬಂದು ಬಾಗಿಲಿಗೆ ತಿವಿದಿತ್ತಂತೆ. ತಗಡು ಬಡಿದು ಸರಿಮಾಡಿದರೂ ಬಾಗಿಲು ಅರ್ಧ ಇಂಚು ಇಳಿದೇ ಇತ್ತು. ಅರ್ಧ ಇಂಚು! 24ರಿಂದ ಭಾಗಿಸಿ. ಅರ್ಧ ಮಿಲಿಮೀಟರ್. ಮೂರು ಸಂಜೆ ಕೂತು ನಾನು ಅಳಿಸಿಹಾಕಿದ್ದು ಅದನ್ನೇ.

"ಎಡಗಡೆ ಅಲ್ಲ" ಅಂದರು ಮಿಸ್ತ್ರಿ ಕುರ್ಚಿಯಿಂದಲೇ. "ಬಲಗಡೆ."

"ಎಡಗಡೆ ಮಿಸ್ತ್ರಿ. ಸಾಹುಕಾರ್ರು ಇಳಿಯೋ ಕಡೆ. ನಾನೇ ಇಳಿದು ಬಂದು ಎತ್ತಿ ಹಾಕ್ತಿದ್ದೆ."

"ಬಾಗಿಲು ಬಡಿದವ್ನು ನಾನೋ ನೀವೋ? ಬಲಗಡೆ ಅಣ್ಣಾ. ಕಂಬಕ್ಕೆ ಹಗ್ಗ ಕಟ್ಟಿ ಎಳೆದಿದೀನಿ."

"ಹದಿನೆಂಟು ವರ್ಷ ಓಡಿಸಿದವ್ನಿಗೆ ಹೇಳ್ತೀಯಾ?"

ಚಹಾ ಬಂತು. ಇನ್ನೊಂದು ಸುತ್ತು ಚಹಾ ಬಂತು. ಮಿಸ್ತ್ರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಂಡಿಪೇಟೆ ರಸ್ತೆ ಬರೆದು, ಗಾಡಿ ಯಾವ ಕಡೆಯಿಂದ ಬಂತು ಅಂತ ತೋರಿಸಿದರು. ಚಿಕ್ಕಪ್ಪ ಚಪ್ಪಲಿ ಕಾಲಲ್ಲಿ ಅದನ್ನು ಅಳಿಸಿ ಬೇರೆ ರಸ್ತೆ ಬರೆದರು. ಬೆಣ್ಣೆ ದೋಸೆ ತಿನ್ನಲು ಹೋಗುವ ಹೊತ್ತಿಗೆ ಹನ್ನೊಂದೂವರೆ, ಅಲ್ಲೂ ಅದೇ ಮಾತು. ಸಾಹುಕಾರರು ತೀರಿಹೋಗಿದ್ದಾರೆ. ಕಾರು ಯಾವತ್ತೋ ಗುಜರಿಗೆ ಹೋಯಿತು. ಮನೆಯಲ್ಲಿ ಹುಡುಕಿದರೆ ಒಂದೇ ಒಂದು ಫೋಟೋ ಸಿಕ್ಕಿತು. ಅದರಲ್ಲಿ ಕಾರು ಎದುರಿನಿಂದ ಕಾಣುತ್ತದೆ. ಬಾಗಿಲುಗಳಿಗೆ ಅಡ್ಡವಾಗಿ ನಾವು ಏಳು ಜನ ಹುಡುಗರು ನಿಂತಿದ್ದೇವೆ.

ಕೆನೆ ಬಣ್ಣ ಬೆರೆಸಿ ಸೀಸೆಯಲ್ಲಿ ಇಟ್ಟಿದ್ದೇನೆ. ಕಾರು ಮಾತ್ರ ಪ್ರೈಮರ್‌ನಲ್ಲೇ ಇದೆ. ಪ್ರತಿ ಭಾನುವಾರ ಚಿಕ್ಕಪ್ಪ ಫೋನ್ ಮಾಡಿ, "ಮಿಸ್ತ್ರಿ ಒಪ್ಪಿದ್ನಾ?" ಅಂತ ಕೇಳುತ್ತಾರೆ.