ಎಫ್ ಅಂಕ ಏರಿದರೆ ಸುಳ್ಳು ಅಂತಲ್ಲ

2025 ನವೆಂಬರ್ 16, ಭಾನುವಾರ
ಸಕಲೇಶಪುರ

ಚಿಕ್ಕಪ್ಪನ ಮಾನಸಿಕ ಪರೀಕ್ಷೆಯ ರಿಪೋರ್ಟನ್ನು ಇವತ್ತು ಪೂರ್ತಿ ಓದಿದೆ. ಕೊನೆಯ ಪುಟದಲ್ಲಿ ಒಂದು ಸಾಲಿದೆ: "ತೊಂದರೆಗಳನ್ನು ಹೆಚ್ಚು ಮಾಡಿ ಹೇಳುತ್ತಿರುವ ಸಾಧ್ಯತೆ ಇದೆ." ಓದಿ ತುಂಬಾ ಬೇಜಾರಾಯಿತು. ನಾನು ಹಾಸನದ ಕಾಲೇಜಲ್ಲಿ ಮನಃಶಾಸ್ತ್ರ ಪಾಠ ಮಾಡುವವಳು. ಗ್ರಾಫ್ ನೋಡಿದ ಕೂಡಲೇ ಆ ಸಾಲು ಎಲ್ಲಿಂದ ಬಂತು ಅಂತ ಗೊತ್ತಾಯಿತು. ಎಫ್ ಅನ್ನುವ ಅಳತೆಯ ಅಂಕ ತುಂಬಾ ಮೇಲಿದೆ. ಅದೊಂದನ್ನೇ ನೋಡಿ ಬರೆದಿದ್ದಾರೆ.

ಚಿಕ್ಕಪ್ಪ 1999ರಲ್ಲಿ ಕಾರ್ಗಿಲ್‌ನಲ್ಲಿದ್ದರು. ಹವಾಲ್ದಾರ್ ಆಗಿ ನಿವೃತ್ತರಾಗಿ ಬಂದು ಗದ್ದೆ, ಕಾಫಿ ತೋಟ ನೋಡಿಕೊಂಡಿದ್ದಾರೆ. ನಿದ್ದೆ ಇಲ್ಲ, ಸಿಟ್ಟು ಜಾಸ್ತಿ, ಮಾತು ಕಮ್ಮಿ. ಚಿಕ್ಕಮ್ಮನ ಒತ್ತಾಯಕ್ಕೆ ಕೊನೆಗೂ ಒಂದು ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಎಂಎಂಪಿಐ-2 ಅನ್ನುವ, ಮನಸ್ಸಿನ ಸ್ಥಿತಿ ಅಳೆಯುವ ಪರೀಕ್ಷೆ ಕೊಟ್ಟಿದ್ದಾರೆ. ಅದರಲ್ಲಿ 567 ವಾಕ್ಯಗಳು, ಒಂದೊಂದಕ್ಕೂ ಸರಿ ಅಥವಾ ತಪ್ಪು ಅಂತ ಗುರುತು ಹಾಕಬೇಕು.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಹ್ಯಾಥವೇ ಮತ್ತು ಮೆಕಿನ್ಲಿ ಇದರ ಮೊದಲ ರೂಪವನ್ನು ಮಾಡಿದ್ದು. 1943ರಲ್ಲಿ ಅದು ಹೊರಬಂತು. ಆಗ ಪಿಟಿಎಸ್‌ಡಿ ಅನ್ನುವ ಹೆಸರೇ ಇರಲಿಲ್ಲ. ಯುದ್ಧದಂಥ ಭಯಂಕರ ಅನುಭವದ ಮೇಲೆ ಉಳಿಯುವ ಮಾನಸಿಕ ಕಾಯಿಲೆ ಅದು. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಆ ಹೆಸರು ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಬಂದವರ ಕಷ್ಟ ಕಣ್ಣಿಗೆ ಬಿದ್ದ ಮೇಲೆ. 1984ರಲ್ಲಿ ಕೀನ್ ಮತ್ತು ಜೊತೆಯವರು ಈ ಪರೀಕ್ಷೆಯೊಳಗಿಂದಲೇ 49 ವಾಕ್ಯ ಆರಿಸಿ ಪಿಕೆ ಅನ್ನುವ ಅಳತೆ ಮಾಡಿದರು. 30 ಅಥವಾ ಅದಕ್ಕಿಂತ ಮೇಲೆ ಬಂದರೆ ಪಿಟಿಎಸ್‌ಡಿ ಇರಬಹುದು ಅಂತ ಲೆಕ್ಕ. ಅವರ ಅಧ್ಯಯನದಲ್ಲಿ ಇದು ನೂರಕ್ಕೆ 82 ಮಾಜಿ ಸೈನಿಕರನ್ನು ಸರಿಯಾಗಿ ಗುರುತಿಸಿತು. ಒಳ್ಳೆಯ ಕೆಲಸವೇ. ಆದರೆ ಉಳಿದ 18 ಜನರೂ ಮನುಷ್ಯರೇ ಅಲ್ವಾ? ಅದೂ ಅಲ್ಲದೆ, ಆ ವಾಕ್ಯಗಳು ಯುದ್ಧದ ಬಗ್ಗೆ ಏನೂ ಕೇಳುವುದಿಲ್ಲ. ಬೇಸರ, ತಪ್ಪಿತಸ್ಥ ಭಾವ, ಕೆಟ್ಟ ನಿದ್ದೆ, ಒಂಟಿತನ, ಇಂಥವೇ. ಬೇರೆ ಕಾರಣಕ್ಕೆ ನೊಂದವರಿಗೂ ಅಂಕ ಏರುತ್ತದೆ.

ಈಗ ಎಫ್ ವಿಷಯ. ಸಾಮಾನ್ಯ ಜನರಲ್ಲಿ ನೂರಕ್ಕೆ ಹತ್ತು ಮಂದಿಯೂ ಒಪ್ಪದಂಥ ಉತ್ತರಗಳನ್ನು ಕೂಡಿಸಿ ಮಾಡಿದ ಅಳತೆ ಇದು. ಸುಮ್ನೆ ಗುರುತು ಹಾಕಿಕೊಂಡು ಹೋದವರು, ಇಲ್ಲದ ಕಾಯಿಲೆ ತೋರಿಸುವವರು ಇದರಲ್ಲಿ ಸಿಕ್ಕಿಬೀಳುತ್ತಾರೆ. ನಿಜವಾಗಿ ತುಂಬಾ ನರಳುತ್ತಿರುವವರೂ ಸಿಕ್ಕಿಬೀಳುತ್ತಾರೆ! ಯುದ್ಧ ಕಂಡವರಲ್ಲಿ ಎಫ್ ಏರಿರುವುದು ಹಳೆಯ ಅಧ್ಯಯನಗಳಿಂದಲೂ ಗೊತ್ತಿರುವ ಸಂಗತಿ. ಹೀಗೆ ನಿಜವಾಗಿ ನರಳುವವರಲ್ಲೂ ಎಫ್ ಏರುವುದರಿಂದಲೇ 1995ರಲ್ಲಿ ಆರ್ಬಿಸಿ ಮತ್ತು ಬೆನ್-ಪೊರಾತ್ ಎಫ್‌ಪಿ ಅನ್ನುವ ಇನ್ನೊಂದು ಅಳತೆ ಮಾಡಿದರು. ಮಾನಸಿಕ ಕಾಯಿಲೆಗೆ ಆಸ್ಪತ್ರೆ ಸೇರಿದವರೂ ಅಪರೂಪಕ್ಕೆ ಕೊಡುವ ಉತ್ತರಗಳು ಅದರಲ್ಲಿವೆ. ಎಫ್ ಮೇಲಿದ್ದು ಎಫ್‌ಪಿ ಕೆಳಗಿದ್ದರೆ, ಮನುಷ್ಯ ನಿಜವಾಗಿಯೂ ಸಂಕಟದಲ್ಲಿರುವ ಸಾಧ್ಯತೆಯೇ ಜಾಸ್ತಿ. ಚಿಕ್ಕಪ್ಪನ ಗ್ರಾಫಲ್ಲಿ ಎಫ್‌ಪಿ ಮಾಮೂಲಾಗಿದೆ. ಅದರ ಬಗ್ಗೆ ರಿಪೋರ್ಟಲ್ಲಿ ಒಂದು ಅಕ್ಷರ ಇಲ್ಲ. ಪಿಂಚಣಿಗಾಗಿ ನಾಟಕ ಮಾಡುವವರು ಇರಬಹುದು, ಹುಡುಕಲಿ. ಇವರು ಯಾರ ಹತ್ತಿರವೂ ಒಂದು ರೂಪಾಯಿ ಕೇಳಿಲ್ಲ.

ಮಧ್ಯಾಹ್ನ ಊಟ ಆದಮೇಲೆ ಪಿಸಿಎಲ್-5 ಅನ್ನುವ ಚಿಕ್ಕ ಪಟ್ಟಿ ಇಟ್ಟುಕೊಂಡು ಚಿಕ್ಕಪ್ಪನ ಜೊತೆ ಜಗಲಿಯಲ್ಲಿ ಕೂತೆ. ಇಪ್ಪತ್ತೇ ಪ್ರಶ್ನೆ, ಕಳೆದ ಒಂದು ತಿಂಗಳದ್ದು, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಯಾವಾಗಲೂ ಮೈಯೆಲ್ಲಾ ಕಣ್ಣಾಗಿ ಇರುತ್ತೀರಾ ಅಂತ ಕೇಳಿದೆ. "ಇಲ್ಲ" ಅಂದರು. ನನಗೆ ಆಶ್ಚರ್ಯ. "ಆನೆ ಬರೋ ಊರಲ್ಲಿ ಎಲ್ರೂ ಎಚ್ಚರವಾಗೇ ಇರ್ತಾರಲ್ಲಮ್ಮ, ಅದೇನು ಕಾಯ್ಲೆನಾ?" ಅಂದರು.

ಮಾತು ನಿಜ. ಗದ್ದೆಯಲ್ಲಿ ಭತ್ತ ಹಣ್ಣಾಗಿದೆ. ರಾತ್ರಿ ಆನೆ ಓಡಿಸಲು ಪಟಾಕಿ ಹೊಡೆಯುತ್ತಾರೆ, ಊರೇ ಎದ್ದಿರುತ್ತದೆ. ಚಿಕ್ಕಪ್ಪ ಎದ್ದು ಮೊದಲು ಮನೆಯವರನ್ನೆಲ್ಲ ಎಣಿಸುತ್ತಾರೆ. ಆಮೇಲೆ ಚಿಲಕ, ಕಿಟಕಿ, ಹಿತ್ತಲ ಬಾಗಿಲು. ಟಾರ್ಚ್ ಹಾಕದೆ ಮನೆ ಸುತ್ತ ಒಂದು ಸುತ್ತು. ಆನೆ ದಾಟಿ ಹೋಗಿ ಊರೆಲ್ಲ ಮಲಗಿದ ಮೇಲೂ ಇವರು ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲೇ ಕೂತಿರುತ್ತಾರೆ. ಈ ಊರಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸಿಲ್ಲ.

ಅಡಕೆ ಹೆಚ್ಚುತ್ತಿದ್ದ ಚಿಕ್ಕಮ್ಮ ಆಗ ಬಾಯಿಬಿಟ್ಟರು. "ಹಾಸನದಲ್ಲಿ ಮಗಳ ಮನೇಲೂ ಹಂಗೇ ಕಣವ್ವ. ಅಲ್ಲಿ ಯಾವ ಆನೆ ಬರುತ್ತೆ?"

ಚಿಕ್ಕಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಪ್ರಶ್ನೆ ಇನ್ನೊಂದ್ಸಲ ಕೇಳು" ಅಂದರು. ಈ ಸಲ ನಾಲ್ಕಕ್ಕೆ ನಾಲ್ಕು ಹಾಕಿಸಿದರು.

ಪ್ರಶ್ನಾವಳಿಗಳು ಬೇಡ ಅಂತ ನಾನು ಹೇಳುವುದಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಎಷ್ಟೋ ಜನ ಕಾಗದದ ಮೇಲೆ ಗುರುತು ಹಾಕಿ ಹೇಳುತ್ತಾರೆ. ಆದರೆ ರೋಗ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡಬೇಕಾದದ್ದು ಎದುರು ಕೂತು ಮಾತಾಡಿ. ಅದಕ್ಕೆ ಕ್ಯಾಪ್ಸ್-5 ಅನ್ನುವ ಸಂದರ್ಶನ ಇದೆ. 30 ಪ್ರಶ್ನೆ, ಸುಮಾರು ಮುಕ್ಕಾಲರಿಂದ ಒಂದು ಗಂಟೆ. ಏನು ನಡೆಯಿತು, ಆಮೇಲೆ ಏನು ಬದಲಾಯಿತು, ಕಳೆದ ತಿಂಗಳಲ್ಲಿ ಎಷ್ಟು ಸಲ, ಎಷ್ಟು ಜೋರಾಗಿ, ಎಲ್ಲವನ್ನೂ ಉದಾಹರಣೆ ಸಮೇತ ಕೇಳುತ್ತಾರೆ. ನಮ್ಮ ಕಡೆ ಅಷ್ಟು ಹೊತ್ತು ಒಬ್ಬ ರೋಗಿಗೆ ಸಿಗುವುದು ಕಷ್ಟ, ಹೊರಗೆ ಸಾಲು ನಿಂತಿರುತ್ತದೆ. ಆದರೂ ಅದನ್ನು ಕೇಳಿ ಪಡೆಯಲೇಬೇಕು.

ನಾಳೆ ಬೆಳಿಗ್ಗೆ ಬಸ್ಸಿಗೆ ಮೂವರೂ ಹೊರಡುತ್ತೇವೆ, ಬೇರೆ ಡಾಕ್ಟರ ಹತ್ತಿರ. ಗ್ರಾಫಲ್ಲಿ ಎಫ್‌ಪಿ ಇರುವ ಜಾಗಕ್ಕೆ ಪೆನ್ಸಿಲ್‌ನಿಂದ ಗುರುತು ಮಾಡಿಟ್ಟಿದ್ದೇನೆ. ಹಾಸನದ ಮನೆಯ ವಿಷಯವನ್ನು ಚಿಕ್ಕಮ್ಮ ತಾವೇ ಹೇಳುತ್ತಾರಂತೆ.